ಹಗಲಿನ ಅರುಂಧತಿ

ಸೇವಂತಿಗೆ ಹಾರಕ್ಕೆ ನೀರು ಚಿಮುಕಿಸಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟು, ಬೆಳಗ್ಗೆ ಬಿಚ್ಚಿದಾಗ ಒಂದು ವಾಸನೆ ಬರುತ್ತದೆ. ಅರ್ಧ ಹೂವಿನದು, ಅರ್ಧ ಹಸಿ ಸೊಪ್ಪಿನದು, ಕೊನೆಯಲ್ಲಿ ಸ್ವಲ್ಪ ಕಹಿ. ಈ ಮಾಘಮಾಸದಲ್ಲಿ ಚಿಂತಾಮಣಿಯ ಒಂದು ಛತ್ರದಲ್ಲಿ ಆ ವಾಸನೆ ಮೂಗಿಗೆ ಬಡಿದಾಗ ನನ್ನ ಪಕ್ಕದಲ್ಲಿ ಕೂತಿದ್ದ ರತ್ನ ನನ್ನ ಮಣಿಕಟ್ಟು ಹಿಡಿದುಕೊಂಡಳು. ಅವಳ ತಂಗಿ ಮಂಜುಳಳ ಮಗಳು ಸಿಂಧುವಿನ ಮದುವೆ. ಗಂಡು ಗೌರಿಬಿದನೂರಿನ ಕಡೆಯವನು. ತಾಳಿ ಕಟ್ಟಿ ಆಗಿತ್ತು. ಬೆಳಗಿನ ಹನ್ನೊಂದು ಗಂಟೆ ಹೊತ್ತಿಗೆ ಪುರೋಹಿತರು ಮೈಕಿನಲ್ಲಿ, ವಧೂವರರು ಹೊರಗೆ ಬರಬೇಕು, ಅರುಂಧತಿ ನಕ್ಷತ್ರ ನೋಡುವ ಶಾಸ್ತ್ರವಿದೆ ಎಂದರು. ನನ್ನ ಮಣಿಕಟ್ಟಿನ ಮೇಲೆ ಹಿಡಿತ ಬಿಗಿಯಾಯಿತು. ನಾವಿಬ್ಬರೂ ನೆನೆಸಿಕೊಂಡದ್ದು ಒಂದೇ, ಎರಡು ವರ್ಷದ ಹಿಂದಿನ ಧನುರ್ಮಾಸವನ್ನು.

ರತ್ನ ನನ್ನ ಹೆಂಡತಿ, ಅದಕ್ಕೂ ಮೊದಲು ನನ್ನ ಅಕ್ಕನ ಮಗಳು. ನಮ್ಮ ಕಡೆ ಇದು ಹೊಸದೇನಲ್ಲ. ಅಕ್ಕನನ್ನೂ ನಮ್ಮ ಸೋದರಮಾವನಿಗೇ ಕೊಟ್ಟಿದ್ದರು. ಹೊರಗಿನವರಿಗೆ ಹೆಣ್ಣು ಕೊಟ್ಟರೆ ಹೇಗೆ ನೋಡಿಕೊಳ್ಳುತ್ತಾರೋ ಎಂಬ ಭಯ ನಮ್ಮ ಮನೆಯ ಹಿರಿಯರಿಗೆ ಎಷ್ಟಿತ್ತೆಂದರೆ, ಎರಡು ತಲೆಮಾರು ಸುತ್ತಿ ಸುತ್ತಿ ಮನೆಯೊಳಗೇ ಮದುವೆಗಳು ನಡೆದವು. ನನಗಿಂತ ಹತ್ತು ವರ್ಷ ಚಿಕ್ಕವಳಾದ ರತ್ನಳನ್ನು ನಾನು ಹೆಗಲ ಮೇಲೆ ಕೂರಿಸಿಕೊಂಡು ಓಡಾಡಿಸಿದ್ದೇನೆ. ಮದುವೆಯಾದ ಮೇಲೆ ಗಂಡನಿಗೆ ‘ನೀವು’ ಅನ್ನಬೇಕು ಎಂದು ಅಕ್ಕ ಎಷ್ಟು ಗದರಿದರೂ ಅವಳ ಬಾಯಲ್ಲಿ ನಾನು ‘ಮಾವ’, ‘ನೀನು’ ಆಗಿಯೇ ಉಳಿದೆ. ನಮಗೆ ಮಕ್ಕಳಾಗಲಿಲ್ಲ.

ನಾನು ಪೆರೇಸಂದ್ರದ ಸುತ್ತಿನ ಹಳ್ಳಿಗಳಿಗೆ ಲೈನ್‌ಮನ್. ಇಪ್ಪತ್ತೈದು ವರ್ಷ ಕಂಬ ಹತ್ತಿದ್ದೇನೆ, ಆದರೆ ತಂತಿಗಿಂತ ಮೇಲಕ್ಕೆ ತಲೆಯೆತ್ತಿ ನೋಡಿದವನಲ್ಲ. ರತ್ನಳಿಗೆ ಸಂಜೆಯಾದ ಮೇಲೆ ಕಣ್ಣು ಮಂದ ಎಂಬುದು ಗೊತ್ತಿತ್ತು. ನಮ್ಮ ಸೀಮೆಯಲ್ಲಿ ಕ್ಯಾರೆಟ್ಟಿಗೆ ಬರವೇ? ತಂದು ತಂದು ಹಾಕಿದೆ. ಬಿಸಿಲಿಂದ ಒಳಗೆ ಬಂದರೆ ಹೊಸ್ತಿಲಲ್ಲಿ ನಿಂತು ಹೆಬ್ಬೆರಳಿನಿಂದ ನೆಲ ತಡವಿ ಆಮೇಲೆ ಕಾಲಿಡುತ್ತಿದ್ದಳು. ಲಕ್ಷ್ಮಿ ಬಂದ ಹಾಗೆ ಬರ್ತಾಳೆ ಎಂದು ನಾನು ರೇಗಿಸುತ್ತಿದ್ದೆ. ಶಿಡ್ಲಘಟ್ಟದ ಹತ್ತಿರದ ಅವಳ ತವರಿನಲ್ಲಿ ರೇಷ್ಮೆಹುಳ ಸಾಕುತ್ತಿದ್ದರು. ಗೂಡು ಕಟ್ಟುವಷ್ಟು ಹಣ್ಣಾದ ಹುಳವನ್ನು ಕತ್ತಲೆ ಕೋಣೆಯಲ್ಲಿ ಬರೀ ಬೆರಳಿನಿಂದ ಮುಟ್ಟಿ ಆರಿಸುತ್ತಾಳೆ ಎಂದು ಅವಳಿಗೆ ಊರಲ್ಲೆಲ್ಲ ಹೊಗಳಿಕೆ. ಕಾಣುತ್ತಿರಲಿಲ್ಲ, ಅದಕ್ಕೇ ಮುಟ್ಟುತ್ತಿದ್ದಳು ಎಂದು ಯಾರಿಗೂ ಹೊಳೆಯಲಿಲ್ಲ. ನನಗಂತೂ ಹೊಳೆಯಲೇ ಇಲ್ಲ.

ಆ ವರ್ಷ ಹಟ್ಟಹಗಲಲ್ಲೇ ಅವಳು ಪಕ್ಕದಲ್ಲಿ ನಿಂತಿದ್ದ ಎಮ್ಮೆಗೆ ಢಿಕ್ಕಿ ಹೊಡೆದಳು. ಚಿಕ್ಕಬಳ್ಳಾಪುರದ ಕಣ್ಣಿನ ಡಾಕ್ಟರು ನೋಡಿ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿನ ಡಾಕ್ಟರು ಮೊದಲು ಕೇಳಿದ್ದೇ, ಇವರ ತಂದೆತಾಯಿ ಸಂಬಂಧದಲ್ಲೇ ಮದುವೆ ಆದವರಾ ಎಂದು. ನಾನು ಹೌದು ಎಂದೆ. ಕಣ್ಣಿನ ಒಳಪರದೆ ಹುಟ್ಟಿನಿಂದಲೇ ಸ್ವಲ್ಪ ಸ್ವಲ್ಪ ಸವೆಯುತ್ತಾ ಬಂದಿದೆ, ಈಗ ಬೆಳಕಿದ್ದಲ್ಲಿ ಕೊಳವೆಯಲ್ಲಿ ಇಣುಕಿದಷ್ಟು ಮಾತ್ರ ಕಾಣುತ್ತಿದೆ, ಕತ್ತಲಲ್ಲಿ ಅಷ್ಟೂ ಇಲ್ಲ, ಇದೂ ಇನ್ನು ವರ್ಷ ಎರಡು ವರ್ಷ, ಇದಕ್ಕೆ ಔಷಧಿ ಇಲ್ಲ ಎಂದು ಅವರು ಮೆಲ್ಲಗೆ ಹೇಳಿದರು. ಕ್ಯಾರೆಟ್ ತಿನ್ನಿಸಿದ್ದೆ ಎಂದೆ. ಅದರಿಂದ ತೊಂದರೆಯೇನಿಲ್ಲ ಎಂದರು.

ಪೆರೇಸಂದ್ರದಲ್ಲಿ ಬಸ್ಸಿಳಿದು ಊರಿನ ದಾರಿ ಹಿಡಿದಾಗ ನಿಂತು ಕೇಳಿದಳು. “ಮಾವ, ಅರುಂಧತಿ ನಕ್ಷತ್ರ ಒಂದೇ ಒಂದು ಸಲ ನೋಡ್ಬೇಕು. ನಿಜವಾಗ್ಲೂ ನೋಡ್ಬೇಕು. ತೋರಿಸ್ತೀಯಾ?”

ತಿರುಪತಿ ಅನ್ನಬಹುದಿತ್ತು, ಸಮುದ್ರ ಅನ್ನಬಹುದಿತ್ತು. ಯಾಕೆ ಅರುಂಧತಿಯೇ ಎಂದು ನಾನು ಕೇಳಲಿಲ್ಲ. ಏನನ್ನಾದರೂ ಕೇಳಿದಳಲ್ಲ, ಕೊಡುತ್ತೇನೆ ಎಂಬ ಹಟವೊಂದು ನನಗೂ ಬೇಕಿತ್ತು.

ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ವಿಜಯಕುಮಾರ್ ಪ್ರತಿ ತಿಂಗಳೂ ಶಾಲೆಯ ಬೋರ್ಡಿಗೆ ‘ಈ ತಿಂಗಳ ಆಕಾಶ’ ಎಂದು ಒಂದು ಹಾಳೆ ಅಂಟಿಸುತ್ತಿದ್ದರು. ಅವರ ಮನೆಗೆ ಹೋಗಿ ನನಗೂ ಒಂದು ಬರೆದುಕೊಡಿ ಎಂದೆ. ಯಾರಿಗೆ, ಯಾಕೆ ಎಂದು ಹೇಳಿದಾಗ ಅವರು ಪೆನ್ನು ಕೆಳಗಿಟ್ಟರು. ಆ ಕಣ್ಣಿಗೆ ಅರುಂಧತಿ ಸಿಗುವುದು ಕಷ್ಟ, ಅದು ಬಹಳ ಸಣ್ಣದು, ಒಳ್ಳೆ ಕಣ್ಣಿದ್ದವರಿಗೇ ಅದೊಂದು ಪರೀಕ್ಷೆ ಎಂದರು. ಆದರೂ ಬರೆದರು. ಸಂಜೆ ಪಡುವಣಕ್ಕೆ ಶುಕ್ರ. ಮೂಡಣದಲ್ಲಿ ಗುರು, ಅದರ ಪಕ್ಕ ಕೆಂಪಗೆ ರೋಹಿಣಿ, ಮೇಲೆ ಕೃತ್ತಿಕೆ. ಊಟದ ಹೊತ್ತಿಗೆ ಮಂಗಳ. ಬೆಳಗಿನ ಜಾವ ಐದಕ್ಕೆ ಮೂಡಣದಲ್ಲಿ ಸ್ವಾತಿ, ಉತ್ತರಕ್ಕೆ ಸಪ್ತರ್ಷಿ. ಸಪ್ತರ್ಷಿ ಎಂದರೆ ನಮ್ಮಮ್ಮ ಹೇಳುತ್ತಿದ್ದ ಮುದುಕಿ ಮಂಚ. ನಾಲ್ಕು ಚುಕ್ಕೆ ಮಂಚದ ಕಾಲು, ಹಿಂದಿನ ಮೂರು ಚುಕ್ಕೆ ಮೂವರು ಕಳ್ಳರು. ನಡುವಿನ ಕಳ್ಳನ ಮಗ್ಗುಲಲ್ಲೇ ಇರುವ ಚುಕ್ಕೆ ಅರುಂಧತಿ ಎಂದು ಮೇಷ್ಟ್ರು ಬಾಣದ ಗುರುತು ಹಾಕಿಕೊಟ್ಟರು.

ಧನುರ್ಮಾಸದ ಮೊದಲ ಸಂಜೆಯಿಂದಲೇ ಶುರು ಮಾಡಿದೆವು. ಹಾಳೆ ನನ್ನ ಜೇಬಿನಲ್ಲಿ, ಅವಳ ತಲೆ ನನ್ನ ಎರಡು ಅಂಗೈಗಳ ನಡುವೆ. ಸೂಜಿಗೆ ದಾರ ಪೋಣಿಸುವವರಂತೆ ಆ ತಲೆಯನ್ನು ಕೂದಲೆಳೆಯಷ್ಟು ಈ ಕಡೆ, ಆ ಕಡೆ ತಿರುಗಿಸಬೇಕಾಗಿತ್ತು. ಶುಕ್ರ ಸಿಕ್ಕಿತು, ಹಾಳೆಯಲ್ಲಿ ಅದರ ಎದುರು ಗುರುತು ಹಾಕಿದೆ. ಸಿಕ್ಕಾಗ ಅವಳು ಉಸಿರು ಬಿಗಿಹಿಡಿದು ನಿಂತಳು, ಉಸಿರಾಡಿದರೆ ಜಾರಿಹೋಗುತ್ತದೆ ಅನ್ನುವ ಹಾಗೆ. ಗುರು ಮೂರು ದಿನ ಸತಾಯಿಸಿ ನಾಲ್ಕನೇ ದಿನ ಸಿಕ್ಕಿತು. ರೋಹಿಣಿ ಸಿಗಲಿಲ್ಲ. ಕೃತ್ತಿಕೆಯನ್ನು ನಮ್ಮಮ್ಮ ತೆಲುಗಿನಲ್ಲಿ ‘ಪಿಲ್ಲಲ ಕೋಡಿ’ ಅನ್ನುತ್ತಿದ್ದಳು, ಮರಿಗಳ ಜೊತೆಗಿರುವ ಕೋಳಿ. ಕೋಳಿಯೂ ಕಾಣಲಿಲ್ಲ, ಮರಿಯೂ ಕಾಣಲಿಲ್ಲ. ಮಂಗಳ ಕಂಡ ಹಾಗಾಗಿ ಕಾಣದೆ ಹೋಯಿತು. ಇಲ್ಲದ್ದನ್ನು ಅವಳು ಒಂದು ದಿನವೂ ಇದೆ ಅನ್ನಲಿಲ್ಲ. ಸುಳ್ಳು ಗುರುತು ಹಾಕ್ಬೇಡ ಮಾವ ಎಂದು ನನ್ನ ಕೈಯಿಂದ ಪೆನ್ನು ಕಿತ್ತುಕೊಂಡದ್ದೂ ಉಂಟು. ಆ ನಿಯತ್ತು ಯಾಕೆಂದು ನನಗೆ ಅರ್ಥವಾಗಲಿಲ್ಲ.

ಬೆಳಗಿನ ಜಾವದ್ದು ಬೇರೆ ಕತೆ. ಐದು ಗಂಟೆಗೆ ಗುಡಿಯಲ್ಲಿ ಪೂಜೆ, ಮೆಣಸು ಹಾಕಿದ ಬಿಸಿ ಹುಗ್ಗಿ, ಮೈಕಿನಲ್ಲಿ ಭಜನೆ. ಅದಕ್ಕೂ ಮುಂಚೆ ನಾವು ಊರ ಹಿಂದಿನ ಬಂಡೆಯ ಮೇಲೆ ಕಂಬಳಿ ಹೊದ್ದು ನಿಲ್ಲುತ್ತಿದ್ದೆವು. ಉತ್ತರಕ್ಕೆ ಇಳಿಜಾರಿನುದ್ದಕ್ಕೂ ಸೇವಂತಿಗೆ ತೋಟಗಳು. ಸೇವಂತಿಗೆ ಗಿಡಕ್ಕೆ ರಾತ್ರಿ ಉದ್ದವಾದರೆ ಸಾಕು, ಅವಸರವಾಗಿ ಮೊಗ್ಗು ಬಿಡುತ್ತದೆ. ಗಿಡ ಇನ್ನೂ ಬೆಳೆಯಲಿ ಎಂದು ರೈತರು ಸಾಲುಸಾಲಾಗಿ ತಂತಿ ಎಳೆದು ಬಲ್ಬು ಉರಿಸುತ್ತಾರೆ. ಗಿಡ ಇನ್ನೂ ಹಗಲಿದೆ ಎಂದುಕೊಂಡು ಮೋಸಹೋಗುತ್ತದೆ. ಅದರಲ್ಲಿ ಅರ್ಧದಷ್ಟು ತೋಟಕ್ಕೆ ಕರೆಂಟ್ ಎಳೆದುಕೊಟ್ಟವನು ನಾನೇ. ಆ ಬೆಳಕಿಗೆ ಉತ್ತರದ ಆಕಾಶ ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗಿರುತ್ತಿತ್ತು. ನನ್ನ ಕಣ್ಣೇ ಮಂಚದ ಕಾಲುಗಳನ್ನು ಹುಡುಕಬೇಕಾಗುತ್ತಿತ್ತು.

ಮಂಜು ಸ್ವಲ್ಪ ತೆಳುವಾದ ಒಂದು ದಿನ ರತ್ನ ನನ್ನ ತೋಳು ಅದುಮಿ ಹಿಡಿದಳು. “ಮಾವ, ಕಾಣ್ತಾ ಇದೆ. ಒಂದಲ್ಲ, ಸಾಲಾಗಿ ಇದಾವೆ. ಇಷ್ಟು ಚೆಂದ ಇರ್ತಾವೆ ಅಂತ ನಂಗೆ ಯಾರೂ ಹೇಳೇ ಇರ್ಲಿಲ್ಲ.”

ಅವಳು ನೋಡುತ್ತಿದ್ದುದು ಬಲ್ಬುಗಳನ್ನು. ಅವಳ ಮುಖ ಎಷ್ಟು ಎತ್ತರಕ್ಕಿದೆ ಎಂಬುದು ಅವಳಿಗೇ ತಿಳಿಯುತ್ತಿರಲಿಲ್ಲ. ಹುಟ್ಟಿದಾಗಿನಿಂದ ಒಂದು ನಕ್ಷತ್ರವನ್ನೂ ಸರಿಯಾಗಿ ನೋಡದವಳಿಗೆ ನಕ್ಷತ್ರಗಳು ಸಾಲಾಗಿ ಇರುವುದಿಲ್ಲ ಎಂದು ಹೇಗೆ ಗೊತ್ತಾಗಬೇಕು? ನಾನು ಅವು ಬಲ್ಬು ಕಣೇ ಅನ್ನಬೇಕಾಗಿತ್ತು, ಅನ್ನಲಿಲ್ಲ. ಇದರಲ್ಲಿ ಅರುಂಧತಿ ಯಾವುದು ಎಂದು ಕೇಳಿದಳು. ಅದು ಇನ್ನೂ ಮೇಲಿದೆ, ಇವತ್ತು ಮಂಜು ಎಂದೆ. ಆಮೇಲೆ ದಿನವೂ ಅವಳು ನನಗಿಂತ ಮೊದಲೇ ಎದ್ದು ಬಾಗಿಲಲ್ಲಿ ನಿಂತಿರುತ್ತಿದ್ದಳು. ನಾನು ದಿನವೂ ಮಂಜಿನ ಮೇಲೆ ಹಾಕುತ್ತಿದ್ದೆ. ಅವಳಿಗೆ ಸಂತೋಷವಾಗಿದೆಯಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೇಡಿತನಕ್ಕೆ ಅದಕ್ಕಿಂತ ಒಳ್ಳೆ ಹೆಸರು ಆಗ ನನಗೆ ಸಿಕ್ಕಿರಲಿಲ್ಲ.

ಅಮಾವಾಸ್ಯೆ ಹತ್ತಿರ ಬಂತು. ಮಂಜು ನಿಂತು ಒಣ ಚಳಿ ಶುರುವಾಯಿತು. ಆಕಾಶ ಕತ್ತಲಾದರೆ ಅವಳಿಗೆ ಏನಾದರೂ ಕಾಣಬಹುದು ಎಂದು ನನ್ನ ಲೈನ್‌ಮನ್ ತಲೆಗೆ ಒಂದು ಯೋಚನೆ ಹೊಕ್ಕಿತು. ಕಂಬ ಹತ್ತುವ ಮುಂಚೆ ನಾವು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಲೈನ್ ಆಫ್ ಮಾಡಿಸುತ್ತೇವೆ, ಅದಕ್ಕೆ ಎಲ್‌ಸಿ ತೆಗೆದುಕೊಳ್ಳುವುದು ಅನ್ನುತ್ತೇವೆ. ರಾತ್ರಿ ಪಾಳಿಯಲ್ಲಿ ಫಯಾಜ್ ಇದ್ದ. ಕಂಬದ ಮೇಲಿನ ಜಂಪರ್ ತಂತಿ ಸುಟ್ಟಿದೆ, ಬೆಳಗ್ಗೆ ಐದಕ್ಕೆ ಹತ್ತು ನಿಮಿಷ ಎಲ್‌ಸಿ ಬೇಕು ಎಂದು ಅವನಿಗೆ ಹೇಳಿದೆ. ಸುಳ್ಳು ಎಲ್‌ಸಿ ಕೆಲಸ ಕಳೆಯುವಂಥ ತಪ್ಪು. ನನ್ನ ಸರ್ವಿಸ್ಸಿನಲ್ಲಿ ಅದೊಂದೇ.

ಬಂಡೆಯ ಮೇಲೆ ನಿಂತೆವು. ಅವಳು ತನ್ನ ಸಾಲುಗಳನ್ನು ನೋಡುತ್ತಿದ್ದಳು. ನಾನು ಫೋನ್ ಮಾಡಿದೆ. ಒಂದೇ ಏಟಿಗೆ ಇಳಿಜಾರು, ಊರು, ಗುಡಿಯ ಮೈಕು ಎಲ್ಲ ಆರಿಹೋಯಿತು. ನಾಯಿಗಳೂ ಸುಮ್ಮನಾದವು. ನಾನು ತಲೆಯೆತ್ತಿದೆ. ಐವತ್ತು ವರ್ಷ ಬದುಕಿ ಆ ಆಕಾಶವನ್ನು ನಾನು ನೋಡಿರಲಿಲ್ಲ. ಮುದುಕಿ ಮಂಚ ಅಷ್ಟು ದೊಡ್ಡದಾಗಿ, ಅಷ್ಟು ಹತ್ತಿರವಾಗಿ ನಿಂತಿತ್ತು. ಮೂವರು ಕಳ್ಳರು ಕೆಳಗೆ ಇಳಿಬಿದ್ದಿದ್ದರು. ನಡುವಿನವನ ಮಗ್ಗುಲಲ್ಲಿ, ಸಾಸಿವೆ ಕಾಳಿನಷ್ಟು, ಅರುಂಧತಿ. ಸಿಕ್ಕಿತು ಎಂದು ಹೇಳಲು ಬಾಯಿ ತೆರೆದೆ.

“ಮಾವ,” ಅಂದಳು ರತ್ನ. ಎರಡು ಕೈಯನ್ನೂ ಮುಂದೆ ಚಾಚಿದ್ದಳು. “ಹೋಯ್ತು. ನನ್ನ ಕಣ್ಣು ಹೋಯ್ತು.”

ನಾನು ಅವಳನ್ನು ಹಿಡಿದುಕೊಂಡೆ. “ಇಲ್ಲ ಕಣೇ, ಲೈಟ್ ತೆಗ್ಸಿದೀನಿ. ನಿಂಗೆ ಚೆನ್ನಾಗಿ ಕಾಣ್ಲಿ ಅಂತ ನಾನೇ ತೆಗ್ಸಿದ್ದು. ಮೇಲೆ ನೋಡು.”

“ನಕ್ಷತ್ರಾನೂ ತೆಗ್ಸಿದೀಯಲ್ಲ. ಸಾಲಾಗಿದ್ವಲ್ಲ, ಅವು ಎಲ್ಲಿ?”

ನಾನು ಹೇಳಲೇಬೇಕಾಯಿತು. ಅವು ಸೇವಂತಿಗೆ ತೋಟದ ಬಲ್ಬು ಎಂದೆ. ಇಷ್ಟು ದಿನವೂ ಬಲ್ಬೇ ಎಂದೆ. ನಾನು ಅವಳ ತಲೆಯನ್ನು ಹಿಡಿದು ಸಪ್ತರ್ಷಿಯ ಕಡೆಗೆ ತಿರುಗಿಸಿದೆ, ಸುಮ್ಮನೆ ತಿರುಗಿಸಿಕೊಂಡಳು. ಏನೂ ಇಲ್ಲ ಎಂದಳು. ಕಪ್ಪು ಕೂಡ ಇಲ್ಲ ಮಾವ, ಏನೂ ಇಲ್ಲ ಎಂದಳು. ಆಮೇಲೆ ಬಂಡೆಯ ಮೇಲೆ ಕುಕ್ಕರಿಸಿಬಿಟ್ಟಳು. ಆಕಾಶ ಕತ್ತಲಾದಷ್ಟೂ ನನಗೆ ತುಂಬಿಕೊಂಡಿತು, ಅವಳಿಗೆ ಇದ್ದದ್ದೂ ಖಾಲಿಯಾಯಿತು. ಡಾಕ್ಟರು ಇದನ್ನೇ ತಾನೇ ಹೇಳಿದ್ದರು, ಕಿವಿ ಎಲ್ಲಿಟ್ಟುಕೊಂಡಿದ್ದೆ ನಾನು?

ಅವಳು ನನ್ನನ್ನು ಬಯ್ಯಲಿಲ್ಲ. ಗುಟ್ಟು ಹೇಳುವವಳ ಹಾಗೆ ದನಿ ತಗ್ಗಿಸಿದಳು.

“ಮದುವೆ ದಿನ ನಾನು ಸುಳ್ಳು ಹೇಳ್ದೆ ಮಾವ. ಕೈವಾರದಲ್ಲಿ, ಛತ್ರದ ಹೊರಗೆ. ಪುರೋಹಿತ್ರಿಗೆ ಅರುಂಧತಿ ಕಾಣಿಸ್ತು. ನಿಂಗೆ ಕಾಣಿಸ್ತು. ಮಂಜುಳ ಚಿಕ್ಕೋಳು, ಅವ್ಳೂ ಕಾಣಿಸ್ತು ಅಂತ ಕುಣಿದ್ಲು. ನಂಗೊಬ್ಳಿಗೇ ಕಾಣ್ಲಿಲ್ಲ, ಬರೀ ಬಿಸ್ಲು. ರಾತ್ರಿನೂ ಎಲ್ರೂ ಆಕಾಶದ ತುಂಬ ನಕ್ಷತ್ರ ಅಂತಿದ್ರು, ನಂಗೆ ಅದೂ ಕಾಣ್ತಿರ್ಲಿಲ್ಲ. ಇದೂ ಹಂಗೇ, ನನ್ನ ಕಣ್ಣಿನ ದೋಷ ಅನ್ಕೊಂಡೆ. ಗೊತ್ತಾದ್ರೆ ನೀನು ಬಿಟ್ಬಿಡ್ತೀಯ ಅಂತ ಕಾಣಿಸ್ತು ಅಂದ್ಬಿಟ್ಟೆ. ಕಣ್ಣು ಹೋಗೋ ಮುಂಚೆ ಒಂದ್ಸಲ ನೋಡಿ ಅದನ್ನ ನಿಜ ಮಾಡ್ಬೇಕು ಅನ್ನಿಸ್ತು, ಅಷ್ಟೇ.”

ನಾನು ಸಪ್ತರ್ಷಿಯ ಕಡೆಗೆ ನೋಡಲಾರದೆ ನೆಲ ನೋಡಿದೆ. ಮದುವೆಯ ದಿನದ್ದು ನನಗೆ ಚೆನ್ನಾಗಿ ನೆನಪಿತ್ತು. ಪುರೋಹಿತರು ಉರಿಬಿಸಿಲಿನಲ್ಲಿ ಬೆರಳು ಎತ್ತಿದ್ದರು, ನಾನು ಆ ಕಡೆ ನೋಡಿದಂತೆ ಮಾಡಿ ಕಾಣಿಸ್ತು ಸ್ವಾಮಿ ಎಂದಿದ್ದೆ, ಆಮೇಲೆ ಅವಳ ಬೆರಳು ಹಿಡಿದು ಎತ್ತಿ ಅಲ್ನೋಡು ಎಂದಿದ್ದೆ. ಎಲ್ಲರೂ ಹೇಳುವ ಹಾಗೆ ಹೇಳಿದ್ದೆ. ಊಟಕ್ಕೆ ಹೊತ್ತಾಗುತ್ತಿತ್ತು.

“ಯಾರಿಗೂ ಕಾಣಲ್ಲ ಕಣೇ,” ಎಂದೆ. “ಹನ್ನೊಂದು ಗಂಟೆ ಬಿಸ್ಲಲ್ಲಿ ಯಾವನಿಗೆ ಕಾಣುತ್ತೆ? ನಂಗೂ ಕಾಣ್ಲಿಲ್ಲ. ಶಾಸ್ತ್ರಕ್ಕೆ ಅಂತಾರೆ ಅಷ್ಟೇ.”

ನಗುತ್ತಾಳೆ ಎಂದುಕೊಂಡಿದ್ದೆ. ಎಂಥ ಪೆದ್ದಿ ನಾನು ಎಂದು ನಕ್ಕುಬಿಟ್ಟರೆ ನಾನೂ ನಕ್ಕು ಇಬ್ಬರೂ ಮನೆಗೆ ಹೋಗಬಹುದಿತ್ತು. ಅವಳು ನನ್ನ ಮುಖ ಎಲ್ಲಿದೆಯೆಂದು ಕೈಯಿಂದ ಹುಡುಕಿ, ಕೆನ್ನೆ ಮುಟ್ಟಿ, ಮುಟ್ಟಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

“ಆವತ್ತೇ ಹೇಳಿದ್ರೆ ಆಗ್ತಿತ್ತಲ್ಲ ಮಾವ. ಒಬ್ರು ಹೇಳಿದ್ರೆ ಸಾಕಿತ್ತು. ನಾನು ಮುಚ್ಚಿಡ್ತಿರ್ಲಿಲ್ಲ, ಆವಾಗ್ಲೇ ಡಾಕ್ಟ್ರಿಗೆ ತೋರಿಸ್ತಿದ್ವಿ. ಹೋಗೋ ಕಣ್ಣು ಅಂತ ಗೊತ್ತಿದ್ದಿದ್ರೆ ಇದ್ದಾಗ್ಲೇ ನೋಡೋದೆಲ್ಲ ನೋಡ್ಕೊಂಬಿಡ್ತಿದ್ದೆ. ಕಾಣೋರ ಹಂಗೆ ನಟನೆ ಮಾಡೋದ್ರಲ್ಲೇ ಕಣ್ಣು ಮುಗ್ದೋಯ್ತು.”

ಫೋನ್ ಹೊಡೆದುಕೊಂಡಿತು. ಅಣ್ಣ, ಹತ್ತು ನಿಮಿಷ ಆಯ್ತು, ಲೈನ್ ಚಾರ್ಜ್ ಮಾಡ್ಲಾ ಎಂದ ಫಯಾಜ್. ಮಾಡು ಎಂದೆ. ಇಳಿಜಾರಿನ ಬಲ್ಬುಗಳು ಹತ್ತಿಕೊಂಡವು, ಮುದುಕಿ ಮಂಚ ಬೆಳ್ಳಗೆ ಕರಗಿತು. ರತ್ನಳ ಮುಖದ ಮೇಲೆ ಬೆಳಕು ಬಿತ್ತು. ಅವಳು ಆ ಕಡೆ ತಿರುಗಲಿಲ್ಲ.

ಆಮೇಲೆ ಹಾಳೆ ಹಿಡಿದು ನಾವು ಹೊರಗೆ ಹೋಗಲಿಲ್ಲ. ಹೊಸ ವರ್ಷದ ಮೊದಲ ವಾರ ಬಿದಿಗೆಯೋ ತದಿಗೆಯೋ ಚಂದ್ರ ಶುಕ್ರನ ಪಕ್ಕ ಬಂದು ನಿಂತಿತ್ತು. ಅಂಗಳದಿಂದ ಕೂಗಿ ಕರೆದೆ. ಒಲೆಯ ಮೇಲೆ ಹಾಲಿದೆ ಎಂದಳು. ಸಂಕ್ರಾಂತಿಗೆ ಮಾಸ ಮುಗಿಯಿತು. ಮೇಷ್ಟ್ರ ಹಾಳೆಯಲ್ಲಿ ಅರುಂಧತಿಯ ಎದುರು ಗುರುತು ಹಾಕದ ಜಾಗ ಹಾಗೇ ಉಳಿಯಿತು. ಮರುವರ್ಷದ ದೀಪಾವಳಿ ಹೊತ್ತಿಗೆ ಅವಳಿಗೆ ಶುಕ್ರವೂ ಇಲ್ಲ, ನನ್ನ ಮುಖವೂ ಇಲ್ಲ. ಈಗ ಬಿಸಿಲಿಗೂ ನೆರಳಿಗೂ ಇರುವ ವ್ಯತ್ಯಾಸವನ್ನು ಚರ್ಮದಿಂದ ಹೇಳುತ್ತಾಳೆ.

ಅವಳು ಕೊನೆಗೆ ಹಿಡಿದ ಹಟ ಒಂದೇ. ಮಂಜುಳಳನ್ನೂ ಕೊಟ್ಟಿದ್ದು ಸಂಬಂಧದಲ್ಲೇ. ಹಾಗಾಗಿ ಅವಳ ಮಗಳು ಸಿಂಧುವಿನ ಕಣ್ಣು ತೋರಿಸಿ ಎಂದು ಒಂದು ವರ್ಷ ಬೇಡಿಕೊಂಡಳು. ಮದುವೆ ಗೊತ್ತಾಗಿದೆ, ಆಸ್ಪತ್ರೆ ಮೆಟ್ಟಿಲು ಹತ್ತಿದ್ದು ಗಂಡಿನ ಕಡೆಗೆ ತಿಳಿದರೆ ಮುಗಿಯಿತು, ಕುತ್ತಿಗೆಗೆ ತಾಳಿ ಬೀಳುವವರೆಗೆ ಬಾಯಿ ಬಿಡಬೇಡ ಎಂದು ಮಂಜುಳ ರತ್ನಳ ಕಾಲು ಹಿಡಿದಳು. ಹುಡುಗಿಗೆ ಏನೂ ಆಗಿಲ್ಲ, ಕನ್ನಡಕ ಕೂಡ ಇಲ್ಲ ಎಂದಳು.

ಅದಕ್ಕೇ ಚಿಂತಾಮಣಿಯ ಛತ್ರದಲ್ಲಿ ರತ್ನ ನನ್ನ ಕೈ ಹಿಡಿದು ಎದ್ದು, ಹುಡುಗಿ ಹತ್ರ ಕರ್ಕೊಂಡು ಹೋಗು ಎಂದಳು. ಜನರ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದೆವು. ಉರಿಬಿಸಿಲು. ಪುರೋಹಿತರ ಬೆರಳು ಎದುರಿನ ಮೊಬೈಲ್ ಟವರಿನ ಕಡೆಗಿತ್ತು. ಮದುಮಗ ಕಾಣಿಸ್ತು ಎಂದಾಗಿತ್ತು. ರತ್ನ ಸಿಂಧುವಿನ ಕಿವಿಗೆ ಬಾಯಿಟ್ಟಳು. ನಾನು ಪಕ್ಕದಲ್ಲೇ ಇದ್ದೆ, ನನಗೆ ಕೇಳಿಸಿತು.

“ಕಾಣ್ದೇ ಇದ್ರೆ ಕಾಣ್ಲಿಲ್ಲ ಅನ್ನಮ್ಮ. ಯಾರಿಗೂ ಕಾಣ್ತಿಲ್ಲ. ಇಲ್ಲಿರೋ ಒಬ್ರಿಗೂ ಕಾಣ್ತಿಲ್ಲ. ಧೈರ್ಯವಾಗಿ ಹೇಳು.”

ಸಿಂಧು ದೊಡ್ಡಮ್ಮನನ್ನು ನೋಡಿದಳು, ಗಂಡನನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಆಮೇಲೆ ಖಾಲಿ ಆಕಾಶಕ್ಕೆ ಮುಖವೆತ್ತಿ, ಗಟ್ಟಿಯಾಗಿ, “ಕಾಣಿಸ್ತು” ಎಂದಳು. ಎಲ್ಲರೂ ನಕ್ಕು ಅಕ್ಷತೆ ಹಾಕಿದರು. ವಾಲಗದವರು ಊದಿದರು.

ವಧೂವರರು ಒಳಗೆ ಹೊರಟರು. ಹುಡುಗ ಒಂದು ಹೆಜ್ಜೆ ಮುಂದಿದ್ದ. ಛತ್ರದ ಹೊಸ್ತಿಲಲ್ಲಿ ಸಿಂಧು ನಿಂತಳು. ರೇಷ್ಮೆ ಸೀರೆಯ ಅಂಚಿನ ಕೆಳಗಿನಿಂದ ಅವಳ ಹೆಬ್ಬೆರಳು ಹೊರಗೆ ಬಂದು ಒಳಗಿನ ನೆಲವನ್ನು ಮೆಲ್ಲಗೆ ತಡವಿತು. ಆಮೇಲೆ ಕಾಲಿಟ್ಟಳು. ಯಾರೋ ಮುದುಕಿ, ಸೊಸೆ ಲಕ್ಷ್ಮಿ ಹಂಗೆ ಬರ್ತಾವ್ಳೆ ಎಂದಳು.

ರತ್ನ ನನ್ನ ಮಣಿಕಟ್ಟು ಅಲ್ಲಾಡಿಸಿದಳು. “ಮಾವ, ಒಳಗೆ ಹೋಗ್ತಾ ಸರಿಯಾಗಿ ಹೋದ್ಲಾ?”

“ಸರಿಯಾಗೇ ಹೋದ್ಲು,” ಎಂದೆ.